ಹೊತ್ತು ಮುಳುಗುವ ಮೊದಲಿನ ಊಟ

ಅಂಕಲಿಯ ತಾರವ್ವನಿಗೆ ಎದೆಯುರಿ ಶುರುವಾದದ್ದು ಮಗ ಅಣ್ಣಾಸಾಬ ಇನ್ನೂ ಶಾಲೆಯಲ್ಲಿದ್ದಾಗ. ಮೊದಮೊದಲು ಅದನ್ನು ಯಾರ ಮುಂದೆಯೂ ಆಡಲಿಲ್ಲ. ಖಾರ ಹೆಚ್ಚಾಗಿರಬೇಕು ಅಂದುಕೊಂಡು ರಂಜಕ ಬಿಟ್ಟಳು, ಹಸಿಮೆಣಸಿನಕಾಯಿ ಬಿಟ್ಟಳು. ಆದರೂ ನೆಲಕ್ಕೆ ಬೆನ್ನು ಹಚ್ಚಿದ ಕೂಡಲೇ ಎದೆಗುಂಡಿಯಿಂದ ಉರಿ ಎದ್ದು ಗಂಟಲಿಗೆ ಏರುತ್ತಿತ್ತು. ಬಾಯಿ ತುಂಬ ಹುಳಿನೀರು. ಎದ್ದು ಗೋಡೆಗೆ ಒರಗಿ ಕೂತರೆ ತುಸು ಇಳಿಯುತ್ತಿತ್ತು. ಹಾಗೆ ಕೂತೇ ಎಷ್ಟೋ ಸಲ ಬೆಳಗು ಮಾಡಿದ್ದಳು.

ಗಂಡ ಬಾಳಾಸಾಬನಿಗೆ ಹೊಳೆಯ ದಂಡೆಯಲ್ಲಿ ಕಬ್ಬಿನ ಹೊಲವಿತ್ತು, ಮನೆಯಲ್ಲಿ ಎರಡು ಎಮ್ಮೆ. ಹಗಲೆಲ್ಲ ದುಡಿಯುವ ಮನುಷ್ಯ, ಸುಳ್ಳಲ್ಲ. ಆದರೆ ಸಂಜೆಯಾದರೆ ಅವನು ಮನೆಯವನಲ್ಲ, ಸೊಸೈಟಿಯ ಕಟ್ಟೆಯವನು. ಅಲ್ಲಿ ಇಸ್ಪೀಟು, ಸಕ್ಕರೆ ಫ್ಯಾಕ್ಟರಿಯ ಇಲೆಕ್ಷನ್ನು, ಯಾರ ಕಬ್ಬು ಮೊದಲು ಹೋಯಿತು ಯಾರದ್ದು ಒಣಗಿತು ಎಂಬ ಪಂಚಾಯಿತಿ. ಕೊನೆಯ ಬಸ್ಸು ಚಿಕ್ಕೋಡಿಗೆ ಹೋದ ಮೇಲೆ ಮನೆಗೆ ಬರುತ್ತಿದ್ದ. ಬಂದವನಿಗೆ ಹಂಚಿನ ಮೇಲಿನ ರೊಟ್ಟಿ ನೇರ ತಾಟಿಗೆ ಬೀಳಬೇಕು. ಆರಿದ ರೊಟ್ಟಿಯನ್ನು ಅವನ ತಾಯಿ ಅವನಿಗೆ ಎಂದೂ ಬಡಿಸಿರಲಿಲ್ಲ, ಸಾಯುವ ಮೊದಲು ಸೊಸೆಗೂ ಅದನ್ನೇ ಕಲಿಸಿ ಹೋಗಿದ್ದಳು. ಗಂಡಸು ಉಂಡ ಮೇಲೆ ಹೆಂಗಸು. ಹೀಗಾಗಿ ತಾರವ್ವ ಒಲೆ ಆರದಂತೆ ಕಾಯುತ್ತ, ಹಸಿವಾದಾಗಲೆಲ್ಲ ಚಹಾ ಕುಡಿದು ತಡೆಯುತ್ತ, ಅವನು ಉಂಡು ಹೊರಸಿನ ಮೇಲೆ ಉರುಳಿದ ಮೇಲೆ ತಾನು ಉಳಿದದ್ದನ್ನು ಗಬಗಬ ತಿಂದು, ಭಾಂಡೆ ತೊಳೆದು ಮಲಗಿಬಿಡುತ್ತಿದ್ದಳು. ನಸುಕಿನಲ್ಲಿ ಎದ್ದು ಹಾಲು ಹಿಂಡಬೇಕಲ್ಲ.

ಸಾಲಾಗಿ ಕೆಲವು ದಿನ ಉಂಡದ್ದೆಲ್ಲ ವಾಂತಿಯಾದಾಗ ಬಾಳಾಸಾಬ ಅವಳನ್ನು ಮಿರಜಕ್ಕೆ ಕರೆದುಕೊಂಡು ಹೋದ. ಅದು ಎಂಬತ್ತೆಂಟನೇ ಇಸವಿ. ಅಲ್ಲಿನ ಖಾಸಗಿ ದವಾಖಾನೆಯೊಂದರಲ್ಲಿ ಗಂಟಲಿಗೆ ಜಡ ಬರುವ ಔಷಧ ಹೊಡೆದು, ಬಾಯಿಯ ಮೂಲಕ ದುರ್ಬೀನು ಇಳಿಸಿ ನೋಡಿದರು. ಆಮೇಲೆ ಅವಳನ್ನು ಹೊರಗಿನ ಬೆಂಚಿನ ಮೇಲೆ ಮಲಗಿಸಿ, ಡಾಕ್ಟರರು ಬಾಳಾಸಾಬನನ್ನು ಒಳಗೆ ಕರೆದು ಮಾತಾಡಿದರು. ಅವನು ಹೊರಗೆ ಬಂದಾಗ ಕೈಯಲ್ಲಿ ಚೀಟಿ ಇತ್ತು. ಗುಳಿಗೆ ಬರೆದುಕೊಟ್ಟಿದ್ದಾರೆ, ಹುಣ್ಣು ಗಿಣ್ಣು ಏನಿಲ್ಲವಂತೆ, ನಡಿ ಅಂದ. ಬಸ್ಸಿನಲ್ಲಿ ಅವಳ ಗಂಟಲು ಇನ್ನೂ ತನ್ನದಲ್ಲ ಅನ್ನುವ ಹಾಗಿತ್ತು. ಏನನ್ನೂ ಕೇಳಲಿಲ್ಲ.

ಗುಳಿಗೆ ಕೆಲಸ ಮಾಡಿತು. ನುಂಗಿದ ರಾತ್ರಿ ನಿದ್ದೆ, ಬಿಟ್ಟ ರಾತ್ರಿ ಉರಿ. ಅಂಕಲಿಯಲ್ಲಿ ಆ ಗುಳಿಗೆ ಸಿಗುತ್ತಿರಲಿಲ್ಲ, ಚಿಕ್ಕೋಡಿಗೆ ಹೋದವರ ಕೈಯಲ್ಲಿ ತರಿಸಬೇಕು. ತರಿಸುವಾಗೆಲ್ಲ ಬಾಳಾಸಾಬ ಗೊಣಗುತ್ತಿದ್ದ. ಎಮ್ಮೆಗೆ ಹಿಂಡಿ ತರುವುದೋ ನಿನಗೆ ಗುಳಿಗೆ ತರುವುದೋ ಅನ್ನುತ್ತಿದ್ದ. ಇಷ್ಟು ವರ್ಷ ಗುಳಿಗೆ ನುಂಗಿದರೆ ಮೂತ್ರಪಿಂಡ ಕೆಡುತ್ತದೆ ಎಂದು ಯಾರೋ ಅಂದದ್ದು ಅವನಿಗೆ ಒಳ್ಳೆಯ ನೆಪವಾಯಿತು. ಅವಳಿಗೂ ಹೆದರಿಕೆಯಾಯಿತು. ಮನೆಮದ್ದು ಶುರುವಾದದ್ದು ಆಗ.

ಜೀರಿಗೆ ಕುದಿಸಿದ ನೀರು ಕುಡಿದಳು. ತಿನ್ನುವ ಸೋಡಾ ಕುಡಿದಾಗ ಒಂದು ದೊಡ್ಡ ತೇಗು ಬಂದು ಹಿತವೆನಿಸುತ್ತಿತ್ತು, ಅರ್ಧ ತಾಸಿಗೆ ಉರಿ ಇಮ್ಮಡಿಯಾಗಿ ವಾಪಸು ಬರುತ್ತಿತ್ತು. ತಣ್ಣನೆಯ ಹಾಲು, ಅಮಸೂಲಿನ ಸಾರು, ಬೂದಗುಂಬಳದ ರಸ, ಯಾರು ಏನು ಹೇಳಿದರೆ ಅದು. ಅಥಣಿಯ ವೈದ್ಯರೊಬ್ಬರು ಜೇಷ್ಠಮಧು ಹಾಕಿದ ಚೂರ್ಣ ಕೊಟ್ಟರು. ಅದು ಒಂದಿಷ್ಟು ದಿನ ಚೆನ್ನಾಗಿ ನಾಟಿತು, ಆಮೇಲೆ ಮುಖ ಕಾಲು ಬಾತುಕೊಂಡವು, ಬಿಡಬೇಕಾಯಿತು. ಕೊನೆಗೆ ನಾದಿನಿಯ ಮಾತು ಕೇಳಿ ಗಂಡ ಹೆಂಡತಿ ಕಾಗವಾಡದ ಆಚೆ ಒಬ್ಬನ ಹತ್ತಿರ ಹೋದರು. ಅವನು ಹೊಟ್ಟೆಗೆ ಬರೆ ಹಾಕುವವನು. ಉರಿಗೆ ಉರಿಯೇ ಮದ್ದು ಅಂದ. ತಾರವ್ವ ಬೇಡವೆಂದಳು. ಬಾಳಾಸಾಬ ಇಷ್ಟು ದೂರ ಬಂದು ಬೇಡ ಅಂದರೆ ಹೇಗೆ ಎಂದು ಅವಳ ಕಾಲು ಅಮುಕಿ ಹಿಡಿದ. ಕಾದ ಕಬ್ಬಿಣ ಹೊಕ್ಕಳಿನ ಮೇಲ್ಭಾಗದಲ್ಲಿ ಎರಡು ಸಲ ಕೂತಿತು. ಆ ಗಾಯ ಕೀವಾಗಿ ಮಾಯಲು ಒಂದು ಸುಗ್ಗಿ ಹಿಡಿಯಿತು. ಎದೆಯುರಿ ಇದ್ದಲ್ಲೇ ಇತ್ತು. ಮತ್ತೆ ಗುಳಿಗೆಗೇ ಮರಳಿದಳು.

ತೊಂಬತ್ತೆರಡರಲ್ಲಿ ಅಣ್ಣಾಸಾಬನ ಮದುವೆಯಾಗಿ ತೆಲಸಂಗದಿಂದ ಸಾವಿತ್ರೆವ್ವ ಸೊಸೆಯಾಗಿ ಬಂದಳು. ಮಾತು ಕಡಿಮೆ, ಕೈ ಚುರುಕು. ಇಪ್ಪತ್ತು ಇನ್ನೂ ತುಂಬಿರಲಿಲ್ಲ. ಅಣ್ಣಾಸಾಬ ಕಬ್ಬಿನ ಟ್ರ್ಯಾಕ್ಟರು ಹೊಡೆಯುತ್ತಿದ್ದ, ಕಬ್ಬು ನುರಿಸುವ ಹಂಗಾಮಿನಲ್ಲಿ ಅವನು ಮನೆಗೆ ಬರುವ ಹೊತ್ತು ಫ್ಯಾಕ್ಟರಿಯ ಮುಂದಿನ ಗಾಡಿಗಳ ಸಾಲಿನ ಮೇಲೆ ನಿಂತಿರುತ್ತಿತ್ತು. ಈಗ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಕಾಯತೊಡಗಿದರು.

ಅದೇ ವರ್ಷ ಪಕ್ಕದ ಮನೆಯ ಕಮಲಾಬಾಯಿ ಕಣ್ಣು ತೋರಿಸಲು ಮಿರಜಕ್ಕೆ ಹೊರಟಳು. ಕಮಲಾಬಾಯಿ, ಅವಳ ಗಂಡ ಪಾರಿಸ ಇಬ್ಬರೂ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಅವರ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಒಲೆ ತಣ್ಣಗಾಗಿರುತ್ತಿತ್ತು. ಜೊತೆಗೆ ಬಾ, ನಿನ್ನದೂ ಒಮ್ಮೆ ತೋರಿಸಿಕೊಂಡು ಬರೋಣ ಅಂದಳು. ಬಾಳಾಸಾಬ ಕಬ್ಬಿಗೆ ನೀರು ಹಾಯಿಸಬೇಕಿತ್ತು, ಹೋಗಿ ಬಾ ಅಂದ. ಹೀಗೆ ತಾರವ್ವ ಗಂಡನಿಲ್ಲದೆ ಹೊಳೆ ದಾಟಿ ಅದೇ ಡಾಕ್ಟರರ ಮುಂದೆ ಕೂತಳು.

ಡಾಕ್ಟರರು ಹಳೆಯ ಚೀಟಿ ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. ನಾನು ಎರಡು ತಿಂಗಳಿಗೆಂದು ಬರೆದ ಗುಳಿಗೆ ಇದು, ಇಷ್ಟು ವರ್ಷ ಯಾಕೆ ನುಂಗುತ್ತ ಬಂದಿರಿ ಎಂದು ಮರಾಠಿಯಲ್ಲಿ ಕೇಳಿದರು. ಬಿಟ್ಟರೆ ಉರಿಯುತ್ತದೆ ಅಂದಳು. ರಾತ್ರಿ ಎಷ್ಟಕ್ಕೆ ಉಣ್ಣುತ್ತೀರಿ, ಉಂಡ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದರು. ಅವಳು ಹೇಳಿದಳು. ಡಾಕ್ಟರರು ಪೆನ್ನು ಕೆಳಗಿಟ್ಟು, ನಾನು ಹೇಳಿದ್ದರಲ್ಲಿ ಒಂದನ್ನಾದರೂ ಮಾಡಿದ್ದೀರಾ ಅಂದರು. ಹೊತ್ತು ಮುಳುಗುವ ಸುಮಾರಿಗೆ ಊಟ, ಉಂಡು ಮೂರು ತಾಸಾದರೂ ಕೂತು ಅಡ್ಡಾಡಿ ಆಮೇಲೆ ಮಲಗುವುದು, ಹೊರಸಿನ ತಲೆಗಡೆಗೆ ಇಟ್ಟಂಗಿ ಇಡುವುದು, ಹಸಿದ ಹೊಟ್ಟೆಗೆ ಚಹಾ ಸುರಿಯದಿರುವುದು. ಇಷ್ಟು ಮಾಡಿದರೆ ನಿಮ್ಮಂಥವರಲ್ಲಿ ಬಹಳ ಮಂದಿಗೆ ಗುಳಿಗೆಯೇ ಬೇಕಾಗುವುದಿಲ್ಲ ಎಂದು ಆವತ್ತೇ ಹೇಳಿದ್ದೆನಲ್ಲ ಅಂದರು.

"ನನಗ ಯಾರೂ ಹೇಳಿಲ್ರಿ," ಅಂದಳು ತಾರವ್ವ.

ನಿಮ್ಮ ಯಜಮಾನರಿಗೆ ಹೇಳಿದ್ದೇನೆ ಅಂದರು ಡಾಕ್ಟರರು. ಅವರಿಗೆ ಅದು ಸಾಕಾದಷ್ಟು ಉತ್ತರವಾಗಿತ್ತು. ಗುಳಿಗೆಯನ್ನು ಹೇಗೆ ಸಾವಕಾಶವಾಗಿ ಕಡಿಮೆ ಮಾಡಬೇಕು, ನುಂಗುವಾಗ ತುತ್ತು ಸಿಕ್ಕಿಕೊಂಡ ಹಾಗಾದರೆ ತಡಮಾಡದೆ ಬರಬೇಕು ಎಂದು ಹೇಳಿ ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ತಾರವ್ವ ಕಿಟಕಿಯ ಸರಳು ಹಿಡಿದು ಕೂತಳು. ಕಮಲಾಬಾಯಿ ಏನೇನೋ ಮಾತಾಡಿಸಿದಳು, ಅವಳಿಗೆ ಕೇಳಿಸಲಿಲ್ಲ. ನಾಲ್ಕು ವರ್ಷ. ಗೋಡೆಗೆ ಒರಗಿ ಕಳೆದ ರಾತ್ರಿಗಳು, ಆ ಚೂರ್ಣ, ಆ ಬಾವು, ಆ ಕಬ್ಬಿಣ. ಒಂದು ಮಾತಿಗೆ ಬಗೆಹರಿಯುವುದಿತ್ತು. ಆ ಮಾತು ಮನೆಯಲ್ಲೇ ಇತ್ತು, ದಿನಾ ಅವಳ ಕೈಯ ಬಿಸಿ ರೊಟ್ಟಿ ಉಂಡು ಪಕ್ಕದ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿತ್ತು.

ಮನೆ ಮುಟ್ಟಿದಾಗ ಬಾಳಾಸಾಬ ಅಂಗಳದಲ್ಲಿ ಎಮ್ಮೆಗಳಿಗೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದ. ಅವಳು ಕೈಚೀಲವನ್ನೂ ಇಳಿಸಲಿಲ್ಲ.

"ದುರ್ಬೀನ ಹಾಕಿದ ದಿನ ಡಾಕ್ಟರ ನಿಮಗ ಒಳಗ ಕರದ ಏನ ಹೇಳಿದ್ರು?"

ಗುಳಿಗೆ ಬರೆದುಕೊಟ್ಟರಲ್ಲ ಅಂದ ಅವನು.

"ಊಟದ್ದ ಏನ ಹೇಳಿದ್ರು?"

ಬಾಳಾಸಾಬ ಕುಡುಗೋಲು ನಿಲ್ಲಿಸಿ ನೆನಪು ಮಾಡಿಕೊಂಡ. ನಿಜವಾಗಿಯೂ ನೆನಪು ಮಾಡಿಕೊಳ್ಳಬೇಕಾಯಿತು ಅವನಿಗೆ. ಮುಚ್ಚಿಟ್ಟಿದ್ದರೂ ಅವಳು ಒಂದು ದಿನ ಕ್ಷಮಿಸುತ್ತಿದ್ದಳೋ ಏನೋ, ಈ ಮರೆವನ್ನು ಮಾತ್ರ ಅವಳಿಗೆ ಕೊನೆಯವರೆಗೂ ಕ್ಷಮಿಸಲಾಗಲಿಲ್ಲ.

"ಹಾಂ, ಲಗೂನ ಉಣ್ಣಬೇಕ ಅಂದಿದ್ರು. ಅದೇನ ಔಷಧ ಏನ? ಎಲ್ಲಾ ಡಾಕ್ಟರೂ ಹಂಗ ಅಂತಾರ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಏನ ಮಾಡಾಕಿ? ನನಗಿಂತ ಮೊದಲ ಉಂಡ ಕುಂದರಾಕಿ ಏನ?"

ಅವಳು ಅವನನ್ನು ದಾಟಿ ಒಳಗೆ ಹೋಗಿ ಕೈಚೀಲ ಇಳಿಸಿದಳು. ಮಾತು ಹೊರಟರೆ ಏನು ಹೊರಡುತ್ತದೋ ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಇಳಿಹೊತ್ತಿಗೇ ಅಡಿಗೆ ಮಾಡಿದಳು. ಬಿಸಿಲು ಎದುರಿನ ಮಾಳಿಗೆಯ ಮೇಲೆ ಇನ್ನೂ ಇದ್ದಾಗ ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ, ಮಜ್ಜಿಗೆ ಬಡಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಬಂದು ಕೂತಳು. ಒಳಗೆ ಕೂತು ಉಂಡರೆ ಕದ್ದು ಉಂಡ ಹಾಗಾಗುತ್ತಿತ್ತು. ಓಣಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುವವರು ನೋಡಿದರು. ಹೊಲದಿಂದ ಬರುವವರು ನೋಡಿದರು. ಅವಳು ಒಂದೊಂದೇ ತುತ್ತನ್ನು ಚೆನ್ನಾಗಿ ಅಗಿದು ಉಂಡಳು. ಮದುವೆಯಾಗಿ ಬಂದ ಮೇಲೆ ರಾತ್ರಿಯೂಟದ ರೊಟ್ಟಿಯನ್ನು ಬಿಸಿಯಾಗಿ ಉಂಡದ್ದು ಅದೇ ಮೊದಲು. ಅದು ಹೊಳೆದಾಗ ಸಿಟ್ಟು ಬಂತು, ಮುಂದಿನ ತುತ್ತನ್ನು ಇನ್ನಷ್ಟು ಸಾವಕಾಶ ಅಗಿದಳು.

ಉಂಡ ಮೇಲೆ ಕಮಲಾಬಾಯಿಯ ಮನೆಯತನಕ ಅಡ್ಡಾಡಿ ಬಂದಳು. ಮನೆಯಲ್ಲಿದ್ದ ಒಂದೇ ಹೊರಸು ಬಾಳಾಸಾಬನದು. ಅದನ್ನು ಸೊಸೆಯ ಕೈ ಹಿಡಿಸಿ ಒಳಕೋಣೆಗೆ ಎಳೆದು, ತಲೆಗಡೆಯ ಕಾಲುಗಳ ಕೆಳಗೆ ಇಟ್ಟಂಗಿ ಇಟ್ಟು, ಮಲಗುವ ಹೊತ್ತಾದಾಗ ಅದರ ಮೇಲೆ ಮಲಗಿದಳು.

ಬಾಳಾಸಾಬ ಬಂದು ಕೂಗಾಡಿದ. ರೊಟ್ಟಿಯ ಬುಟ್ಟಿಯನ್ನು ಅಂಗಳಕ್ಕೆ ಎಸೆದ. ತಾರವ್ವ ಎದ್ದು ಬರಲಿಲ್ಲ. ಸಾವಿತ್ರೆವ್ವ ಹೆದರಿ ಒಲೆ ಹೊತ್ತಿಸಿ ಅವನಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಅವನು ಉಂಡು ಶಾಂತನಾದ. ಬೆಳಿಗ್ಗೆ ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ, ದೊಡ್ಡ ತೊಡಕೊಂದನ್ನು ತಾನೇ ಬಿಡಿಸಿದವನ ಹಾಗೆ ಮಾತಾಡಿದ.

"ನೀ ನಿನ್ನ ಹೊತ್ತಿಗೆ ಉಣ್ಣ, ನಾ ಯಾಕ ಬ್ಯಾಡ ಅನ್ಲಿ? ಸೊಸಿ ಅದಾಳಲ್ಲ, ನಮಗ ಆಕಿ ನೀಡ್ತಾಳ."

ಕಮಲಾಬಾಯಿಗೂ ಇದು ಸರಿಯೆನಿಸಿತು. ನಿನ್ನ ಕೆಲಸವಾಯಿತಲ್ಲ, ಇನ್ನು ಜಗಳವೇಕೆ ಅಂದಳು. ತಾರವ್ವ ಒಪ್ಪಿಕೊಂಡಳು. ಹಾಗೆ ಒಪ್ಪಿಕೊಂಡ ದಿನಗಳು ಅವಳ ಜೀವನದ ಸುಖದ ದಿನಗಳೂ ಆಗಿದ್ದವು. ಬೆಳಗಿನ ಬರಿಹೊಟ್ಟೆಯ ಚಹಾ ಬಿಟ್ಟು ಒಂದು ತುಣುಕು ರೊಟ್ಟಿ ತಿಂದು ಹಾಲು ಹಿಂಡಲು ಕೂರುತ್ತಿದ್ದಳು. ಗುಳಿಗೆ ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆ. ಉರಿ ಪೂರ್ತಿ ಹೋಗಲಿಲ್ಲ, ಆದರೆ ಅವಳು ರಾತ್ರಿಯಿಡೀ ಮಲಗಿ ಏಳುವಷ್ಟು ಇಳಿಯಿತು. ಮೈಯಲ್ಲಿ ಹುರುಪು ಬಂತು. ಒಲೆಯ ಮುಂದೆ ಸೊಸೆ ಒಬ್ಬಳೇ ಕಾಯುತ್ತಿದ್ದುದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಹೊರಸಿನ ಮೇಲೆ ಮಗ್ಗಲು ಬದಲಿಸುತ್ತಿದ್ದಳು.

ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸಾವಿತ್ರೆವ್ವ ಬಚ್ಚಲ ಕಲ್ಲಿನ ಹತ್ತಿರ ಬಗ್ಗಿ ಉಗುಳುತ್ತಿದ್ದಳು. ಬಸುರಿರಬೇಕೆಂದು ತಾರವ್ವ ಸಂತೋಷದಿಂದ ಹತ್ತಿರ ಹೋದಳು. ಸೊಸೆ ಬಾಯಿ ಒರೆಸಿಕೊಂಡು, ಎದೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಕೇಳಿದಳು.

"ಅತ್ತಿ, ನಿಮ್ಮ ಗುಳಿಗಿ ಒಂದ ಇದ್ರ ಕೊಡ್ರಿ."

ಎಷ್ಟು ದಿನದಿಂದ ಎಂದು ಕೇಳಿದಾಗ, ದೀಪಾವಳಿಯಿಂದ ಅಂದಳು. ಯಾಕೆ ಹೇಳಲಿಲ್ಲ ಅಂದದ್ದಕ್ಕೆ, ಹೇಳಿದರೆ ಏನು ಮಾಡುವುದು ಅಂದಳು. ಬಾಳಾಸಾಬನೂ ಆವತ್ತು ಅಂಗಳದಲ್ಲಿ ನಿಂತು ಅದನ್ನೇ ಕೇಳಿದ್ದ. ತಾರವ್ವನಿಗೆ ಆ ಹುಡುಗಿಯ ಕಪಾಳಕ್ಕೆ ಹೊಡೆಯಬೇಕೆನಿಸಿತು, ಮರುಗಳಿಗೆಗೆ ತನ್ನದೇ ಕಪಾಳಕ್ಕೆ. ಗುಳಿಗೆ ಕೊಡಲಿಲ್ಲ. ಒಳಗೆ ಹೋಗಿ ರೊಟ್ಟಿ ಹಾಲು ತಂದು ಎದುರಿಗೆ ಕೂತು ತಿನ್ನಿಸಿದಳು.

ಆ ಸಂಜೆ ಕಟ್ಟೆಯ ಮೇಲೆ ಎರಡು ತಾಟು ಬಂದವು. ಸಾವಿತ್ರೆವ್ವ ಸೆರಗು ಎಳೆದುಕೊಂಡು ಓಣಿಗೆ ಬೆನ್ನು ಮಾಡಿ ಕೂತಳು. ಉಂಡು ಕೈ ತೊಳೆದ ಮೇಲೆ ತಾರವ್ವ ಒಂದು ತಂಬಿಗೆ ನೀರು ತೆಗೆದುಕೊಂಡು ಒಲೆಯ ಕೆಂಡದ ಮೇಲೆ ಸುರಿದಳು. ಭುಸ್ ಎಂದು ಬೂದಿ ಎದ್ದಿತು. ಮೂರು ಕಲ್ಲು ಒದ್ದೆಯಾದವು. ನಾಳೆ ನಸುಕಿನವರೆಗೆ ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ಸೊಸೆಗೆ ಹೇಳಿದಳು. ಅಣ್ಣಾಸಾಬ ಬಂದು ಹೆಂಡತಿಯನ್ನು ಎಬ್ಬಿಸಲು ಹೋದಾಗ ತಾರವ್ವ ಬಾಗಿಲಿಗೆ ಅಡ್ಡ ನಿಂತು, ಬುಟ್ಟಿಯಲ್ಲಿ ರೊಟ್ಟಿ ಇದೆ, ಕೈ ಮುರಿದಿದ್ದರೆ ಹೇಳು ಅಂದಳು. ಅವನು ತಣ್ಣನೆಯ ರೊಟ್ಟಿಗೆ ಸೇಂಗಾಚಟ್ನಿ ಹಚ್ಚಿಕೊಂಡು ತಿಂದ. ಬಾಳಾಸಾಬ ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಹೋಗತೊಡಗಿದ. ಹೆಂಡತಿ ಜೈನಳಾಗಿದ್ದಾಳೆ, ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಅನ್ನವಿಲ್ಲ ಎಂದು ಅಲ್ಲಿ ಕೂತವರಿಗೆಲ್ಲ ಹೇಳಿದ. ಊರು ನಕ್ಕಿತು. ಕಮಲಾಬಾಯಿ ಮಾತ್ರ ನಗಲಿಲ್ಲ. ನಮ್ಮಲ್ಲೂ ಗಂಡಸರು ಉಂಡ ಮೇಲೇ ನಾವು, ಆದರೆ ಸೂರ್ಯ ಮುಳುಗಿದರೆ ಅವರಿಗೂ ಇಲ್ಲವಲ್ಲ, ಅದಕ್ಕೇ ಬದುಕಿದ್ದೇವೆ ಅಂದಳು.

ಕೆಲವು ದಿನ ಕಳೆದು ಬಾಳಾಸಾಬ ತನ್ನ ದೊಡ್ಡ ಕಾಕಾ ಬಾಪುಸಾಹೇಬನನ್ನು ಕರೆದುಕೊಂಡು ಬಂದ. ಊರಿನ ತಂಟೆ ಬಗೆಹರಿಸುವ ಹಿರಿಯ, ಜೋರು ಮಾಡುವವನಲ್ಲ. ಪಡಸಾಲೆಯಲ್ಲಿ ಕೂತು ಮೆತ್ತಗೆ ಮಾತಾಡಿದ. ಮನೆತನದ ಹೆಸರು, ಹಿರಿಯರು ಹಾಕಿಕೊಟ್ಟ ದಾರಿ, ಹೆಣ್ಣುಮಕ್ಕಳು ಕೊನೆಗೆ ಉಂಡರೆ ಮನೆಗೆ ಬರಕತ್ತು. ನಿನ್ನ ಆರೋಗ್ಯಕ್ಕೆ ಬೇಕಿದ್ದರೆ ನೀನು ಮೊದಲು ಉಣ್ಣು, ಅದಕ್ಕೆ ಬಾಳಾಸಾಬನೂ ಒಪ್ಪಿದ್ದಾನೆ, ಆ ಹುಡುಗಿಯನ್ನು ಯಾಕೆ ಕೆಡಿಸುತ್ತೀ ಅಂದ.

ತಾರವ್ವ ಚಹಾದ ಬಟ್ಟಲು ಅವನ ಮುಂದಿಟ್ಟು ನೆಟ್ಟಗೆ ನಿಂತಳು.

"ಕಾಕಾ, ಕಾಗವಾಡದ ಆಚಿ ನನ್ನ ಹೊಟ್ಟಿ ಮ್ಯಾಲ ಕಾದ ಕಬ್ಬಿಣ ಇಟ್ರಲ್ಲ, ಅವತ್ತ ನನ್ನ ಕಾಲ ಹಿಡದಾವ್ರು ಇವ್ರು. ಲಗೂನ ಉಂಡ್ರ ಕಡಿಮಿ ಆಕ್ಕೈತಿ ಅಂತ ಡಾಕ್ಟರ ಹೇಳಿದ್ದ ಮಾತ ಅವಾಗ ಇವ್ರ ಕಿವ್ಯಾಗ ಇತ್ರಿ. ಕಿವ್ಯಾಗ ಇಟಗೊಂಡ ಕಾಲ ಹಿಡದ್ರು. ಈಗ ಈ ಹುಡುಗಿಗೂ ಉರಿಯಾಕತ್ತೈತಿ. ಇಕಿ ಕಾಲ ಯಾರ ಹಿಡಿಯಾವ್ರು, ನೀವು ಹೇಳ್ರಿ."

ಬಾಪುಸಾಹೇಬ ಬಾಳಾಸಾಬನ ಕಡೆ ನೋಡಿದ. ಬಾಳಾಸಾಬ ನೆಲ ನೋಡುತ್ತಿದ್ದ. ಅಣ್ಣಾಸಾಬ ಬಾಗಿಲಲ್ಲಿ ನಿಂತಿದ್ದ. ಬರೆಯ ಸಂಗತಿ ಅವನಿಗೆ ಗೊತ್ತಿತ್ತು, ಡಾಕ್ಟರರ ಮಾತಿನ ಸಂಗತಿ ಗೊತ್ತಿರಲಿಲ್ಲ. ಅಪ್ಪನ ಕಡೆ ಒಮ್ಮೆ ನೋಡಿ ಹೊರಗೆ ಹೋದ. ಹಿರಿಯ ಚಹಾ ಮುಗಿಸಿ, ವಿಚಾರ ಮಾಡೋಣ ಅಂತಂದು ಎದ್ದ. ಮತ್ತೆ ಆ ವಿಷಯಕ್ಕೆ ಬರಲಿಲ್ಲ.

ಸೋತೆ ಎಂದು ಬಾಳಾಸಾಬ ಎಂದೂ ಹೇಳಲಿಲ್ಲ, ತಪ್ಪಾಯಿತು ಎಂದಂತೂ ಇಲ್ಲ. ಖಾನಾವಳಿ ಬೇಸರವಾಗಿಯೋ ಮಂದಿಯ ನಗೆ ತನ್ನ ಕಡೆಗೇ ತಿರುಗಿತೆಂದೋ ಮಳೆಗಾಲದ ಹೊತ್ತಿಗೆ ಅಲ್ಲಿಗೆ ಹೋಗುವುದು ನಿಂತಿತು. ಸಾವಿತ್ರೆವ್ವನ ಉರಿ ಬೇರು ಬಿಟ್ಟಿರಲಿಲ್ಲ, ಹೊತ್ತಿಗೆ ಉಂಡದ್ದಕ್ಕೇ ಹೋಯಿತು, ಅವಳಿಗೆ ಗುಳಿಗೆಯ ಹೆಸರೂ ಬೇಕಾಗಲಿಲ್ಲ. ಅವಳು ಈಗ ಓಣಿಗೆ ಮುಖ ಮಾಡಿಯೇ ಕೂರುತ್ತಿದ್ದಳು. ಅಣ್ಣಾಸಾಬ ಹೊತ್ತಿನಲ್ಲಿ ಬಂದ ದಿನ ಮೂರನೆಯ ತಾಟು ಸೇರುತ್ತಿತ್ತು.

ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಅತ್ತೆ ಸೊಸೆ ಉಂಡು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಾಗ ಬಾಳಾಸಾಬ ಎಂದಿಗಿಂತ ಬೇಗ ಮನೆಗೆ ಬಂದ. ಇಬ್ಬರನ್ನೂ ದಾಟಿ ಅಡಿಗೆಮನೆಗೆ ಹೋದ. ಬುಟ್ಟಿಯ ಮುಚ್ಚಳ ತೆರೆದ ಸದ್ದು, ತಾಟು ಕೆಳಗಿಟ್ಟ ಸದ್ದು ಕೇಳಿಸಿತು. ಸಾವಿತ್ರೆವ್ವ ಸೂಜಿ ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ತಾರವ್ವ ತಲೆ ಎತ್ತಲಿಲ್ಲ. ಒಳಗೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚುವುದು ಬಹಳ ಹೊತ್ತು ನಡೆಯಿತು. ಕೊನೆಗೆ ಅವನು ಅಲ್ಲಿಂದಲೇ ಕೇಳಿದ.

"ಉಪ್ಪ ಎಲ್ಲೈತಿ?"

ಅವನು ಹುಟ್ಟಿದ್ದು ಆ ಮನೆಯಲ್ಲಿ. ಆ ಉಪ್ಪಿನ ಗಡಿಗೆ ಅವನ ತಾಯಿಯ ಕಾಲದಿಂದ ಒಲೆಯ ಎಡಗಡೆಯ ಗೂಡಿನಲ್ಲಿಯೇ ಕೂತಿತ್ತು. ತಾರವ್ವನ ಕೈಯಲ್ಲಿ ಸೂಜಿ ನಿಂತಿತು. ಆರಿತೆಂದುಕೊಂಡಿದ್ದ ಸಿಟ್ಟು ಕಿವಿಯವರೆಗೆ ಏರಿತು.

ಎಡಗಡೆಯ ಗೂಡಿನಲ್ಲಿ ನೋಡಿ ಎಂದು ಕೂತಲ್ಲಿಂದಲೇ ಹೇಳಿ, ಅವಳು ದಾರವನ್ನು ಬಿಗಿಯಾಗಿ ಎಳೆದಳು.